ಬ್ಯಾರನ್ನಿಗೆ ಬಂದ ಬಾಡಿಗೆಯವರು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ವಿಶ್ವವಿದ್ಯಾಲಯದ ಹೊಸ ಕಟ್ಟಡಗಳು ಏಳತೊಡಗಿದ ಮೇಲೆ ಸುಕನ್ಯಳ ಊರಿನಲ್ಲಿ ಒಂದು ಬ್ಯಾರನ್ನೂ ಖಾಲಿ ಉಳಿಯಲಿಲ್ಲ. ಹೊಗೆಸೊಪ್ಪು ಬೇಯಿಸಲು ಕಟ್ಟಿದ, ಸರಿಯಾದ ಕಿಟಕಿಯೂ ಇಲ್ಲದ ಎತ್ತರದ ಕೋಣೆಗಳು ಅವು. ಸೊಪ್ಪಿನ ವ್ಯಾಪಾರ ಮಲಗಿಹೋಗಿತ್ತು. ಹರಾಜಿಗೆ ಬಂದ ಕಂಪನಿಯವರು ಬೇಲುಗಳನ್ನು ಮುಟ್ಟಿಯೂ ನೋಡದೆ ಮುಂದೆ ಹೋಗುತ್ತಿದ್ದರು. ಕೂಲಿಯವರನ್ನು ಕರೆದೊಯ್ಯುತ್ತಿದ್ದ ಕೊಡಗಿನ ತೋಟದ ಜೀಪುಗಳು ಬರುವುದನ್ನೇ ಬಿಟ್ಟಿದ್ದವು. ಅಂಥ ಹೊತ್ತಿನಲ್ಲಿ ಹಾಸ್ಟೆಲ್ಲು, ಲ್ಯಾಬು, ಲೈಬ್ರರಿ ಎಂದು ವಿಶ್ವವಿದ್ಯಾಲಯವೊಂದೇ ಕಂಬದ ಮೇಲೆ ಕಂಬ ಎಬ್ಬಿಸುತ್ತಿತ್ತು. ಎಚ್.ಡಿ. ಕೋಟೆ ಕಡೆಯಿಂದ ಕಂಬಿ ಕಟ್ಟುವವರು, ಕೆ.ಆರ್. ನಗರದ ಕಡೆಯಿಂದ ಗಾರೆಯವರು ಬಂದರು. ಅವರಿಗೆ ಮಲಗಲು ಜಾಗ ಬೇಕಿತ್ತು.

"ಸೊಪ್ಪಿಗಿಂತ ಮನ್ಸರೇ ವಾಸಿ ಕಣವ್ವ. ತೂಕ ಆಕ್ಸಂಗಿಲ್ಲ, ಹರಾಜು ಕೂಗ್ಸಂಗಿಲ್ಲ," ಎಂದು ಪಕ್ಕದ ಮನೆಯ ದೊಡ್ಡಮಾದಯ್ಯ ಎಲ್ಲರಿಗಿಂತ ಮೊದಲು ತನ್ನ ಬ್ಯಾರನ್ನುಗಳನ್ನು ಬಾಡಿಗೆಗೆ ಕೊಟ್ಟ. ಸುಕನ್ಯ ತಮ್ಮದನ್ನೂ ಕೊಟ್ಟಳು. ಗಂಡ ಮಾದೇವನಿಗೆ ಅದು ಹಿಡಿಸಲಿಲ್ಲ. ಆದರೆ ಮನೆ ನಡೆಯುತ್ತಿದ್ದದ್ದು ಅದರಿಂದಲೇ, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದ.

ಈ ಸಲ ಸೊಪ್ಪಿಗೆ ಬೆಲೆ ಬರುತ್ತದಂತೆ ಎಂದು ಅವನು ಪೇಟೆಯಲ್ಲಿ ಕೇಳಿಕೊಂಡು ಬಂದದ್ದು ಹಿಂದಿನ ದಿನ. ಬೆಳಗಾಗುತ್ತಲೇ ಬ್ಯಾರನ್ನಿನ ಹಿಂದಕ್ಕೆ ಹೋದ. ಒಲೆಯ ಬಾಯಿ ಇರುವುದು ಹೊರಗೆ. ಅಲ್ಲಿ ಸೌದೆ ಉರಿಸಿದರೆ ಒಳಗಿನ ತಗಡಿನ ಕೊಳವೆಗಳಲ್ಲಿ ಬಿಸಿ ಹರಿದು, ಹೊಗೆ ಚಿಮಣಿಯಲ್ಲಿ ಹೋಗಬೇಕು. ಎರಡು ವರ್ಷ ಉರಿ ಕಾಣದ ಕೊಳವೆ ತೂತು ಬಿದ್ದಿದೆಯೋ ಏನೋ, ನೋಡೋಣ ಎನಿಸಿತು. ಬಾಗಿಲಿಗೆ ಬೀಗ ಬಿದ್ದಿತ್ತು. ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ ಎಂದುಕೊಂಡು ಒಲೆ ಹಚ್ಚಿದ.

ಸುಕನ್ಯ ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತಿದಾಗ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ. ಹೊಗೆ ಬರುತ್ತಿದ್ದುದು ಬಾಗಿಲ ಸಂದಿನಿಂದ.

"ಏನ್ ಮಾಡ್ತಿದ್ದೀರಿ ಅಲ್ಲಿ? ಎಗ್ಗಣ ಬತ್ತವೆ ಅಂತ ಚಿಮ್ಣಿಗೆ ಗೋಣಿಚೀಲ ತುರ್ಕವ್ರೆ ಅವ್ರು!"

"ನಂಗೇನ್ ಕನ್ಸು ಬಿದ್ದಿತ್ತಾ?" ಎಂದ ಮಾದೇವ. ಅಷ್ಟರಲ್ಲಿ ಒಳಗೆ ಏನೋ ದಡ್ ಎಂದಿತು.

"ಎಗ್ಗಣ ಕಣೆ ಬುಡು."

ಮತ್ತೆ ದಡ್ ಎಂದಿತು.

"ಎಗ್ಗಣ ಬಾಗ್ಲು ಬಡೀತದೇನ್ರೀ?"

ಮಾದೇವ ಸೌದೆ ಬಿಸಾಕಿ ಬಾಗಿಲಿಗೆ ಓಡಿದ. ಬೀಗದ ಕೈ ಕೆಲಸಗಾರರ ಹತ್ತಿರವಿತ್ತು. ಅವನು ಹಾರೆ ತಂದು ಚಿಲಕವನ್ನೇ ಮೀಟಿ ಕಿತ್ತ. ಕರಿ ಹೊಗೆ ಮುಖಕ್ಕೆ ರಾಚಿತು. ಹೊಸ್ತಿಲ ಒಳಗೇ ಬೋರಲು ಬಿದ್ದಿದ್ದವನು ಕೋಟೆಯ ಕೃಷ್ಣಕುಮಾರ್, ಕಂಬಿ ಕಟ್ಟುವ ಹುಡುಗ. ರಾತ್ರಿಪಾಳಿ ಮುಗಿಸಿ ಬಂದು, ಯಾರೂ ಎಬ್ಬಿಸದಿರಲಿ ಎಂದು ಜೊತೆಯವರಿಂದ ಹೊರಗಿನಿಂದ ಬೀಗ ಹಾಕಿಸಿಕೊಂಡು ಮಲಗಿದ್ದ. ಪಾಳಿಯವರೆಲ್ಲ ಹಾಗೇ ಮಾಡುತ್ತಿದ್ದರು. ಮಾದೇವನಿಗೆ ಅದು ಗೊತ್ತಿರಲಿಲ್ಲ. ಸುಕನ್ಯಳಿಗೂ ಗೊತ್ತಿರಲಿಲ್ಲ.

ಕಾಲು ಹಿಡಿದು ಅಂಗಳಕ್ಕೆ ಎಳೆದರು. ಸುಕನ್ಯ ನೀರು ಚಿಮುಕಿಸಿದಳು, ಕೆನ್ನೆಗೆ ಹೊಡೆದಳು. ಬಹಳ ಹೊತ್ತಿನ ಮೇಲೆ ಅವನು ಕೆಮ್ಮಿ, ವಾಂತಿ ಮಾಡಿಕೊಂಡ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಮಾದೇವ ಮಣ್ಣಿನಲ್ಲೇ ಕುಸಿದು ಕೂತು, "ಬೀಗ ಆಕಿತ್ತು ಕಣೆ, ಬೀಗ ಆಕಿತ್ತು," ಎನ್ನುತ್ತಿದ್ದ.

ಸದ್ದಿಗೆ ದೊಡ್ಡಮಾದಯ್ಯ ಬಂದ. ಹುಡುಗನನ್ನು ಒಮ್ಮೆ ನೋಡಿದ, ರಸ್ತೆಯ ಕಡೆಗೆ ಎರಡು ಸಲ ನೋಡಿದ.

"ಉಸ್ರಾಡ್ತಾವ್ನೆ, ಬುಡು. ಒಳೀಕ್ ಎತ್ಕಳ್ರಿ."

"ಆಸ್ಪತ್ರೆಗೆ ಕರ್ಕೊಂಡೋಗ್ಬೇಕು," ಎಂದಳು ಸುಕನ್ಯ.

"ಆಸ್ಪತ್ರೆಗೋದ್ರೆ ಪೊಲೀಸ್ನೋರು ಬತ್ತರೆ. ಅವ್ರು ಬಂದ್ರೆ ಕಂಟ್ರಾಕ್ಟ್ರು ಅಷ್ಟೂ ಜನಾನೂ ಎತ್ಕೊಂಡೋಗಿ ತಗಡಿನ ಶೆಡ್ಡಿಗೆ ಆಕ್ತನೆ. ಊರೇ ಆ ಕಟ್ಟಡದಲ್ಲಿ ಉಣ್ತಾ ಅದೆ, ಗೊತ್ತಾಯ್ತಾ? ಮಜ್ಗೆ ಕುಡ್ಸು. ಸರಿ ಓಯ್ತನೆ."

ಅವಳು ಗಂಡನ ಮುಖ ನೋಡಿದಳು. ಅವನು ಇನ್ನೂ ಬೀಗದ ಮಾತನ್ನೇ ಗೊಣಗುತ್ತಿದ್ದ. ಆಗ ಕೆಳಗಿನಿಂದ ಕೃಷ್ಣಕುಮಾರ್ ತೊದಲಿದ. "ಆಸ್ಪತ್ರೆ ಬ್ಯಾಡಕ್ಕ. ಸಂಜೆ ತಾರಸಿ ಕಾಂಕ್ರೀಟ್ ಐತೆ. ಓಗ್ನಿಲ್ಲ ಅಂದ್ರೆ ಬೇರೆಯೋರ್ನ ಆಕ್ಕತರೆ." ಏಳಲು ಹೋಗಿ, ಮೂಟೆಯಂತೆ ಮಗುಚಿಬಿದ್ದ. ಉಸಿರು ಗೊರಗೊರ ಎನ್ನುತ್ತಿತ್ತು.

ಸುಕನ್ಯ ಅವನ ಮೇಲೆ ಬಗ್ಗಿದಳು. ಅವನ ಎದೆ ಏಳುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದವಳು ಆ ಅಂಗಳದಲ್ಲಿ ತಾನೊಬ್ಬಳೇ. ಸಾಯುತ್ತಿರುವವನೂ ಕಟ್ಟಡದ ಮಾತನ್ನೇ ಆಡುತ್ತಿದ್ದ.

ಅವಳು ರಸ್ತೆಗೆ ಓಡಿದಳು. ಕಟ್ಟಡಕ್ಕೆ ಕಾಂಕ್ರೀಟು ಸುರಿದು ಹುಣಸೂರಿನ ಕಡೆಗೆ ಖಾಲಿ ಹೋಗುತ್ತಿದ್ದ ಮಿಕ್ಸರ್ ಲಾರಿಗೆ ಅಡ್ಡ ನಿಂತಳು.

"ಹೇಯ್, ಸಾಯಕ್ಕೆ ನನ್ ಗಾಡೀನೇ ಬೇಕಿತ್ತಾ?" ಎಂದು ಡ್ರೈವರ್ ಕಿರುಚಿದ.

"ಒಂದು ಜೀವ ಅದೆ, ಆಸ್ಪತ್ರೆಗೆ ಬುಡಿ."

"ಏನಾಯ್ತು?"

ಹಿಂದೆಯೇ ಓಡಿ ಬಂದಿದ್ದ ದೊಡ್ಡಮಾದಯ್ಯ, "ಬೀಡಿ ಸೇದ್ತಾ ಮಲಗ್ಬುಟ್ಟಿದ್ದ..." ಎಂದು ಶುರುಮಾಡಿದ.

"ನಾವು ಒಲೆ ಹಚ್ಚುದ್ವಿ," ಎಂದಳು ಸುಕನ್ಯ. "ಒಳಗಡೆ ಕಂಬಿ ಕೆಲ್ಸದ ಹುಡ್ಗ ಮಲ್ಗಿದ್ದ."

ದೊಡ್ಡಮಾದಯ್ಯ ನೆಲಕ್ಕೆ ಉಗಿದು ತಿರುಗಿಕೊಂಡು ಹೋದ. ಮಾದೇವ ಹುಡುಗನನ್ನು ಹೊತ್ತು ತಂದು ಕ್ಯಾಬಿನ್ನಿಗೆ ಏರಿಸಿ, ತಾನೂ ಹತ್ತಿದ. ಸುಕನ್ಯಳೂ ಹತ್ತಿ, ಹುಡುಗನ ತಲೆಯನ್ನು ಗಾಳಿ ಬರುವ ಕಿಟಕಿಗೆ ಒತ್ತಿ ಹಿಡಿದಳು.

ಡ್ರೈವರ್ ಜೋರಾಗಿ ಓಡಿಸಿದ. ಒಳ್ಳೆಯವನೇ, ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಆಮೇಲೆ ಕಣ್ಣನ್ನು ರಸ್ತೆಯ ಮೇಲೇ ಇಟ್ಟುಕೊಂಡು ಕೇಳಿದ.

"ಅಕ್ಕ, ಸಂಜೆ ಕೆಲ್ಸದಲ್ಲಿ ಇವ್ನ ಜಾಗ ಖಾಲಿನಾ? ನಮ್ ಭಾಮೈದ ಒಬ್ಬ ಮನೇಲಿ ಕುಂತವ್ನೆ. ಅವ್ನೂ ಕಂಬಿ ಕೆಲ್ಸದೋನೆ."

ಸುಕನ್ಯ ಅವನ ಮುಖವನ್ನೇ ನೋಡಿದಳು. ಕೆನ್ನೆಗೆ ಹೊಡೆದುಬಿಡುತ್ತಿದ್ದಳೇನೋ. ಅಷ್ಟರಲ್ಲಿ ಅವಳ ಕೈಯಡಿಯ ತಲೆ ಅಲುಗಿತು. ಕೃಷ್ಣಕುಮಾರ್ ಕಣ್ಣು ಬಿಟ್ಟಿದ್ದ.

"ಖಾಲಿ ಇಲ್ಲ ಕಣಣ್ಣೋ," ಎಂದ. "ನಾಳೆ ಬತ್ತೀನಿ."