ಕೆಂಪು ಕಾರಿನ ಯಜಮಾನ

"ಹಂಪ್ ಮೇಲೆ ನೇರ ಹತ್ತಿಸ್ಬೇಡಿ ಸಾರ್, ಸ್ವಲ್ಪ ಓರೆ ಮಾಡ್ಕೊಳ್ಳಿ," ಎಂದ ಅಫ್ತಾಬ್.

ಭಾರ್ಗವ್ ಓರೆ ಮಾಡಿಕೊಂಡ. ಆದರೂ ಕಾರಿನ ತಳ ನೆಲಕ್ಕೆ ಉಜ್ಜಿ ಕರ್ರೆಂದಿತು. ಪಕ್ಕದಲ್ಲಿ ಕೂತಿದ್ದ ಅಫ್ತಾಬ್ ಕಣ್ಣು ಮುಚ್ಚಿ ತೆರೆದ. ಅವನು ಹಲ್ಲಿನ ಡಾಕ್ಟರು. ಇನ್ನೊಬ್ಬರ ನೋವು ನೋಡಿ ಅಭ್ಯಾಸವಿದ್ದವನಿಗೆ ತನ್ನ ಕಾರಿನ ನೋವು ತಡೆದುಕೊಳ್ಳಲು ಆಗಲಿಲ್ಲ.

"ಸಾರಿ."

"ಪರ್ವಾಗಿಲ್ಲ. ನಾನೂ ಹೊಸದ್ರಲ್ಲಿ ಉಜ್ಜಿದೀನಿ."

ಕೊಳ್ಳುವ ಮೊದಲು ಓಡಿಸಿ ನೋಡಲೆಂದು ಬೆನ್ಸನ್ ಟೌನಿನಲ್ಲಿದ್ದ ಅಫ್ತಾಬನ ಮನೆಯಿಂದ ಹೊರಟು ಹಲಸೂರಿನವರೆಗೆ ಬಂದಿದ್ದರು. ಅಂದು ಆಯುಧ ಪೂಜೆ. ಆಟೊಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ಮದುಮಕ್ಕಳಂತೆ ನಿಂತಿದ್ದವು. ರಸ್ತೆಯ ತುಂಬ ಒಡೆದ ಬೂದುಗುಂಬಳದ ತಿರುಳು, ಕುಂಕುಮದ ಕೆಸರು. ಭಾರ್ಗವ್ ಅವನ್ನೆಲ್ಲ ತಪ್ಪಿಸಿಕೊಂಡು ನಡೆಸುತ್ತಿದ್ದ. ಇನ್ನೊಬ್ಬರ ಕಾರು, ಟೈರಿಗೆ ಏನೂ ಅಂಟಬಾರದು.

ಈ ಕಾರಿನ ಬಗ್ಗೆ ಅವನಿಗೆ ತಿಳಿಯದ್ದು ಏನೂ ಇರಲಿಲ್ಲ. ಎರಡು ವರ್ಷದಿಂದ ಓದುತ್ತಿದ್ದ. ಹೊರಗಿನಿಂದ ನೋಡಿದರೆ ತರಕಾರಿ ತರಲು ಹೋಗುವ ಪುಟ್ಟ ಕಾರು. ಒಳಗಿನ ಇಂಜಿನ್ನಿಗೆ ಮಾತ್ರ ಹುಚ್ಚು ಕುದುರೆಯ ರಭಸ. ಏಳು ಸೆಕೆಂಡಿನೊಳಗೆ ನೂರು ಮುಟ್ಟುತ್ತದೆ. ತಿರುವಿನಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದು ಕಡೆ, ಊರೊಳಗೆ ಪೆಟ್ರೋಲು ಕುಡಿಯುತ್ತದೆ, ಟೈರುಗಳು ಬೇಗ ಸವೆಯುತ್ತವೆ, ಬಿಡಿಭಾಗ ಹೊರದೇಶದಿಂದ ಬರಬೇಕು, ಗೇರ್‌ಬಾಕ್ಸ್ ಕೆಟ್ಟರೆ ಇನ್ನೊಂದು ಸಣ್ಣ ಕಾರೇ ಬರುವಷ್ಟು ಖರ್ಚು. ಹಿಂದಿನ ಸೀಟು ಇದೆ ಎಂದು ಹೇಳಬಹುದು, ಕೂರಬಹುದು ಎಂದು ಹೇಳಲಾಗದು. ಎರಡೂ ಪಕ್ಷದ ವಕೀಲ ಅವನೇ ಆಗಿದ್ದ. ತೀರ್ಪು ಕೊಡುವವರು ಮಾತ್ರ ಬಂದಿರಲಿಲ್ಲ.

ಆಫೀಸಿನ ಕ್ಯಾಂಟೀನಿನಲ್ಲಿ ನರೇಶ್ ಕೇಳುತ್ತಿದ್ದ, "ಗುರು, ನಿನ್ ಕಾರು ಎಲ್ಲಿವರ್ಗೂ ಬಂತು?"

"ಇನ್ನೂ ಯೋಚಿಸ್ತಿದೀನಿ," ಎನ್ನುತ್ತಿದ್ದ ಭಾರ್ಗವ್. ಮೊದಮೊದಲು ಈ ಉತ್ತರ ಅವನಿಗೇ ಹಿತವಾಗಿತ್ತು. ದುಡುಕದ ಮನುಷ್ಯ, ತೂಗಿ ನೋಡುವವನು ಎಂದು ಮೇಜಿನ ಸುತ್ತ ಕೂತವರು ಅಂದುಕೊಳ್ಳಲಿ ಎಂಬ ಆಸೆಯಿತ್ತು. ಈಗೀಗ ಅವನು ಉತ್ತರ ಕೊಡುವ ಮೊದಲೇ ಅವರಿಗೆ ನಗು ಬರುತ್ತಿತ್ತು.

ಅವನ ಕೆಲಸವೂ ಅಂಥದ್ದೇ. ದೊಡ್ಡನೆಕ್ಕುಂದಿಯ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವುದು. ಆ ಯಂತ್ರಗಳಲ್ಲಿ ಒಂದನ್ನೂ ಅವನು ಮುಟ್ಟಿರಲಿಲ್ಲ.

ಹಳೇ ಮದ್ರಾಸ್ ರಸ್ತೆಯಲ್ಲಿ, ಹಬ್ಬದ ರಜೆಯಾದ್ದರಿಂದ, ಮೆಟ್ರೋ ಕಂಬಗಳ ಪಕ್ಕ ದಾರಿ ಖಾಲಿ ಸಿಕ್ಕಿತು.

"ಈಗ ಒತ್ತಿ," ಎಂದ ಅಫ್ತಾಬ್.

ಒತ್ತಿದ. ಬೆನ್ನು ಸೀಟಿಗೆ ಅಂಟಿತು. ಕಂಬಗಳು ಒಂದಕ್ಕೊಂದು ಕೂಡಿಕೊಂಡು ಗೋಡೆಯಾದವು. ಇದಕ್ಕಾಗಿಯೇ ಅಲ್ಲವೆ ಎರಡು ವರ್ಷ ಕಾದದ್ದು ಎಂದುಕೊಳ್ಳುತ್ತಿರುವಾಗಲೇ ಕೆಂಪು ದೀಪ ಬಂತು. ಕಾರು ತಲೆಬಗ್ಗಿಸಿ ನಿಂತಿತು. ಭಾರ್ಗವ್ ಸಂತೋಷಕ್ಕಾಗಿ ಕಾದ. ಬಂದದ್ದು ಒಂದೇ ಪ್ರಶ್ನೆ: ಇಷ್ಟೇನಾ?

"ಹೆಂಗಿದೆ?"

"ಚೆನ್ನಾಗಿದೆ."

"ಬರೀ ಚೆನ್ನಾಗಿದೆಯಾ?" ಅಫ್ತಾಬನಿಗೆ ಪೆಚ್ಚಾಯಿತು. ಕಿಟಕಿಯ ಹೊರಗೆ ನೋಡಿದ. "ನಾನು ಮಾರ್ತಾನೇ ಇರ್ಲಿಲ್ಲ ಸಾರ್. ಅಮ್ಮಿಗೆ ಮಂಡಿ ಆಪರೇಷನ್ ಆಗಿದೆ. ಈ ಸೀಟಲ್ಲಿ ಕೂತ್ರೆ ಏಳಕ್ಕಾಗಲ್ಲ, ದಿನಾ ಬೈಗುಳ."

"ಮೈಂಟೆನೆನ್ಸ್ ಜಾಸ್ತಿ ಅಂತಾರಲ್ಲ..."

"ಜಾಸ್ತೀನೇ. ಲೆಕ್ಕ ಹಾಕಿದ್ರೆ ಯಾವನೂ ತಗೊಳ್ಳಲ್ಲ. ಇಷ್ಟ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಬೇಡ."

ಇಷ್ಟ. ಆ ಮಾತು ಭಾರ್ಗವನಿಗೆ ಚುಚ್ಚಿತು. ತನಗೆ ಕಾರು ಬೇಕಾಗಿಯೇ ಇರಲಿಲ್ಲ. ಏನಾದರೊಂದು ಬೇಕು ಅನ್ನಿಸುವುದು ಮಾತ್ರ ಬೇಕಾಗಿತ್ತು. ಇದು ಅವನಿಗೆ ಆ ಸಿಗ್ನಲ್ಲಿನಲ್ಲಿ, ಅಪರಿಚಿತನೊಬ್ಬನ ಪಕ್ಕದಲ್ಲಿ ಕೂತಾಗ ಗೊತ್ತಾಯಿತು. ಗೊತ್ತಾಗಿ ನಾಚಿಕೆಯಾಯಿತು.

ಆದರೆ ಬೇಡ ಎಂದು ಅಫ್ತಾಬನಿಗೆ ಹೇಳಲೂ ಧೈರ್ಯವಾಗಲಿಲ್ಲ. ಬೆಳಿಗ್ಗೆ ಹೆಂಡತಿ ಬೃಂದಾ ಬೇರೆ ಖಡಾಖಂಡಿತವಾಗಿ ಹೇಳಿದ್ದಳು: "ಇವತ್ತು ಹಬ್ಬ. ತಗೊಂಡ್ರೆ ತಗೊಳ್ಳಿ. ಇಲ್ಲಾಂದ್ರೆ ಇನ್ಮೇಲೆ ನನ್ನ ಮುಂದೆ ಆ ಕಾರಿನ ಮಾತೆತ್ಬೇಡಿ." ಆಗ ಅವನಿಗೊಂದು ಉಪಾಯ ಹೊಳೆಯಿತು. ಅವಳನ್ನು ಒಮ್ಮೆ ಹಿಂದಿನ ಸೀಟಿನಲ್ಲಿ ಕೂರಿಸಿದರೆ ಸಾಕು. ಮಂಡಿ ಎದೆಗೆ ತಾಗಿ, "ಅಯ್ಯೋ, ಇದೆಂಥ ಕಾರು ರೀ" ಅಂದೇ ಅನ್ನುತ್ತಾಳೆ. ಬೇಡವೆಂದದ್ದು ಅವಳಾಗುತ್ತಾಳೆ.

"ನಮ್ಮನೇಲೂ ಒಂದ್ಸಲ ತೋರಿಸ್ಬಿಡೋಣ. ಹತ್ರಾನೇ."

"ಬನ್ನಿ," ಎಂದ ಅಫ್ತಾಬ್. ಪಾಪ, ಅವನ ದನಿಯಲ್ಲಿ ಆಸೆ ಮೂಡಿತು.

ಮನೆಯೆಂದರೆ ಮಾವನ ಮನೆ. ಸಂಜೀವಪ್ಪ ವಿಮೆ ಕಂಪನಿಯಿಂದ ನಿವೃತ್ತರಾದವರು. ನೌಕರರ ಬಡಾವಣೆಯಲ್ಲಿ ಅವರು ಕಟ್ಟಿಸಿದ ಮನೆಯ ಮಹಡಿಯಲ್ಲಿ ಮಗಳು ಅಳಿಯ ಇದ್ದರು. ಬಾಡಿಗೆಯ ಮಾತನ್ನು ಅವರು ಒಮ್ಮೆಯೂ ಎತ್ತಿರಲಿಲ್ಲ. ಎತ್ತಿದ್ದರೆ ಭಾರ್ಗವ್ ಜಗಳವಾಡಿ ಬೇರೆ ಮನೆಗೆ ಹೋಗಬಹುದಿತ್ತು. ಅವರ ಒಳ್ಳೆಯತನದಲ್ಲಿ ಅವನು ವರ್ಷಗಳಿಂದ ಮೆತ್ತಗಾಗುತ್ತ ಬಂದಿದ್ದ.

ಬಡಾವಣೆಯ ಉದ್ಯಾನದ ಎದುರು ಎಲ್ಲರ ವಾಹನಗಳಿಗೂ ಸಾಮೂಹಿಕ ಪೂಜೆ ನಡೆಯುತ್ತಿತ್ತು. ಅದನ್ನು ಅವನು ಮರೆತೇಬಿಟ್ಟಿದ್ದ. ಸ್ಕೂಟರುಗಳು, ಕಾರುಗಳು, ಒಂದು ಮಗುವಿನ ಸೈಕಲ್ಲು ಸಹ ಹೂ ಮುಡಿದು ಸಾಲಾಗಿ ನಿಂತಿದ್ದವು. ಭಾರ್ಗವ್ ಸಾಲಿನ ಕೊನೆಯಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಇಳಿದ. ಅಫ್ತಾಬನೂ ಇಳಿದ.

ಬೃಂದಾ ಬಂದಳು. ಕಾರನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳ ಮುಖದಲ್ಲಿ ಬಂದ ಬೆಳಕನ್ನು ಅವನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

"ತಂದೇಬಿಟ್ರಾ?"

"ಬೃಂದಾ, ಒಂದ್ನಿಮಿಷ..."

"ಅಪ್ಪಾ! ತಂದ್ಬಿಟ್ರು!"

ಆಮೇಲೆ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ. ಸಂಜೀವಪ್ಪ ಪಂಚೆ ಎತ್ತಿಕೊಂಡು ಓಡಿಬಂದರು. "ನಮ್ಮ ಅಳಿಯಂದ್ರ ಗಾಡಿ," ಎಂದು ಸುತ್ತ ಇದ್ದವರಿಗೆಲ್ಲ ಹೇಳಿದರು. ಅವರ ಕಣ್ಣು ಒದ್ದೆಯಾಗಿತ್ತು. ಅಳಿಯ ಒಂದು ದಿನ ತಲೆ ಎತ್ತಿ ನಡೆಯಲಿ ಎಂದು ಅವರೂ ಒಳಗೊಳಗೆ ಕಾದಿದ್ದರು ಎಂಬುದು ಆ ಒದ್ದೆ ಕಣ್ಣಿನಿಂದ ಭಾರ್ಗವನಿಗೆ ತಿಳಿಯಿತು. ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಾವ ಅಫ್ತಾಬನತ್ತ ತಿರುಗಿದ್ದರು.

"ಏನಪ್ಪ ನಿನ್ನ ಹೆಸರು?"

"ಅಫ್ತಾಬ್."

"ಗಾಡಿ ಜೊತೆ ಬಂದ್ಯಾ? ಡ್ರೈವರಾ?"

ಅಫ್ತಾಬ್ ಭಾರ್ಗವನನ್ನು ನೋಡಿದ. ಅವನೇ ಹೇಳಲಿ ಎಂದು ಕಾದ. ಸಾಕಷ್ಟು ಹೊತ್ತು ಕಾದ.

"ಹ್ಞೂಂ, ಹಾಗೇ..." ಎಂದ ಭಾರ್ಗವ್.

ಅಂದ ಮೇಲೆ ಕಿವಿ ಬಿಸಿಯಾಯಿತು. ಡಾಕ್ಟರ್ ಎನ್ನುವ ಒಂದು ಶಬ್ದ ಅಷ್ಟು ಕಷ್ಟವಾಗಿತ್ತೆ? ಇವನ ಹೆಸರು ಬೇರೆ ಏನಾದರೂ ಆಗಿದ್ದರೆ ಮಾವ ಡ್ರೈವರಾ ಎಂದು ಕೇಳುತ್ತಿದ್ದರೇನು? ತಾನು ಹ್ಞೂಂ ಎನ್ನುತ್ತಿದ್ದನೆ? ಮಾವ ಕೇಳಿದ್ದರಲ್ಲಿ ತಪ್ಪಿತ್ತು. ಆದರೆ ಅವರಿಗೆ ಗೊತ್ತಿರಲಿಲ್ಲ. ತನಗೆ ಗೊತ್ತಿತ್ತು.

ಪುರೋಹಿತರು ಬಾನೆಟ್ಟಿನ ಮೇಲೆ ಅರಿಶಿನದಲ್ಲಿ ಸ್ವಸ್ತಿಕ ಬರೆದರು. ಗಂಧ ಒತ್ತಿದರು. ಚೆಂಡುಹೂವಿನ ಹಾರವನ್ನು ಯಾರೋ ದಾರದಿಂದ ಬಿಗಿದು ಕಟ್ಟಿದರು. ಬಣ್ಣಕ್ಕೆ ದಾರ ಉಜ್ಜಿದಾಗ ಅಫ್ತಾಬ್ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟ.

ಭಾರ್ಗವ್ ಅವನ ಹತ್ತಿರ ಹೋಗಿ ಪಿಸುಗುಟ್ಟಿದ. "ಐದೇ ನಿಮಿಷ. ಆಮೇಲೆ ಹೇಳ್ತೀನಿ."

"ಯಾರಿಗೆ? ನಂಗಾ, ಅವ್ರಿಗಾ?"

ಅಷ್ಟರಲ್ಲಿ ಅತ್ತೆ ಶಾಂತಕುಮಾರಿ ತಟ್ಟೆ ಹಿಡಿದು ಬಂದರು. ಕಡ್ಲೆಪುರಿ, ಸಿಹಿ, ಬಾಳೆಹಣ್ಣು, ಎಲೆ ಅಡಿಕೆ, ಅದರ ಮೇಲೊಂದು ನೋಟು. ಹಬ್ಬದ ದಿನ ಡ್ರೈವರನ್ನು ಬರಿಗೈಯಲ್ಲಿ ಕಳಿಸುವ ಮನೆಯಲ್ಲ ಅದು. "ತಗೊಳಪ್ಪ, ಬೇಜಾರು ಮಾಡ್ಕೋಬೇಡ, ಮನೇಲಿ ಮಕ್ಕಳಿಗೆ ಏನಾದ್ರೂ ತಗೊಂಡೋಗು," ಎಂದರು. ಅಫ್ತಾಬ್ ಎರಡೂ ಕೈಯಲ್ಲಿ ತಟ್ಟೆ ಇಸಿದುಕೊಂಡ. "ಥ್ಯಾಂಕ್ಸ್ ಅಮ್ಮ," ಎಂದ. ಅದು ಸಭ್ಯತೆಯೋ ತಿರಸ್ಕಾರವೋ ಭಾರ್ಗವನಿಗೆ ತಿಳಿಯಲಿಲ್ಲ. ತಿರಸ್ಕಾರವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು.

"ಯಜಮಾನರು ಹತ್ತಿ. ಮುಂದಕ್ಕೆ ತಗೊಳ್ಳಿ," ಎಂದರು ಪುರೋಹಿತರು.

ಭಾರ್ಗವ್ ಹತ್ತಿದ. ಮಾವ ಪಕ್ಕದಲ್ಲಿ ಕೂತರು. ಬೃಂದಾ ಹಿಂದೆ ತೂರಿಕೊಂಡಳು. ಇಂಜಿನ್ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಕೀ ಹತ್ತಿರದಲ್ಲಿ ಇಲ್ಲವೆಂದು ಪರದೆಯ ಮೇಲೆ ಅಕ್ಷರ ಮೂಡಿತು. ಕೀ ತೂರಿಸಿ ತಿರುಗಿಸುವ ಕಾರಲ್ಲ ಅದು. ಕೀ ಬಳಿಯಲ್ಲಿದ್ದರೆ ಸಾಕು. ಅದು ಅಫ್ತಾಬನ ಜೇಬಿನಲ್ಲಿತ್ತು. ಅಫ್ತಾಬ್ ಉದ್ಯಾನದ ಬೇಲಿಯ ಹತ್ತಿರ ಪುರಿ ತಿನ್ನುತ್ತಿದ್ದ.

ಭಾರ್ಗವ್ ಮತ್ತೆ ಒತ್ತಿದ. ಗಾಜಿನಾಚೆ ಇಡೀ ಬಡಾವಣೆ ನಗುಮುಖದಿಂದ ಕಾಯುತ್ತಿತ್ತು. ಅವನೂ ನಕ್ಕ.

"ಏ ಡ್ರೈವರ್, ಬಾಪ್ಪ ಇಲ್ಲಿ. ಏನೋ ಆಗಿದೆ ನೋಡು," ಎಂದು ಸಂಜೀವಪ್ಪ ಕೂಗಿದರು.

ಅಫ್ತಾಬ್ ತಟ್ಟೆಯ ಸಮೇತ ಬಂದು ಕಿಟಕಿಗೆ ಬಗ್ಗಿದ. ಕೀ ಕೊಟ್ಟುಬಿಡುತ್ತಾನೆ ಎಂದು ಭಾರ್ಗವ್ ಅಂಗೈ ತೆರೆದ. ಅಫ್ತಾಬ್ ಆ ಅಂಗೈಯನ್ನು ನೋಡಿದ, ಕೊಡಲಿಲ್ಲ.

"ಈಗ ಒತ್ತಿ ಸಾರ್," ಎಂದ.

ಇಂಜಿನ್ ಗುಡುಗಿತು. ಬ್ರೇಕು ಬಿಟ್ಟೊಡನೆ ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಚಪ್ಪಾಳೆ ಬಿತ್ತು. ಅಫ್ತಾಬ್ ಕಾರಿನ ಜೊತೆ ಒಂದಷ್ಟು ದೂರ ನಡೆದು ಬಂದ, ಆಮೇಲೆ ನಿಂತ. ಕಾರು ಅವನಿಂದ ದೂರವಾದದ್ದೇ ಒಳಗೆ ಕೀಂ ಕೀಂ ಎಂದು ಸದ್ದು ಶುರುವಾಯಿತು.

"ಏನ್ರೀ ಅದು?"

"ಸೀಟ್ ಬೆಲ್ಟ್ ಇರ್ಬೇಕು."

ಸಂಜೀವಪ್ಪ ವಿಧೇಯರಾಗಿ ಬೆಲ್ಟನ್ನು ಎಳೆದು ಹಾಕಿಕೊಂಡರು. ಸದ್ದು ನಿಲ್ಲಲಿಲ್ಲ. "ಹಾಕ್ಕೊಂಡ್ನಲ್ಲ," ಎಂದು ತಪ್ಪು ಮಾಡಿದವರಂತೆ ಬೆಲ್ಟನ್ನು ಮುಟ್ಟಿ ನೋಡಿಕೊಂಡರು.

ಬಡಾವಣೆಯ ಗೇಟು ತೆರೆದಿತ್ತು. ಭಾರ್ಗವ್ ಅತ್ತ ಹೋಗಲಿಲ್ಲ. ಇನ್ನೊಬ್ಬರ ಕಾರನ್ನು ಅವರನ್ನು ಬಿಟ್ಟು ಎಲ್ಲಿಗೆ ಒಯ್ಯುವುದು? ನಿಲ್ಲಿಸಿದರೆ ನಿಜ ಹೇಳಬೇಕು. ಉದ್ಯಾನದ ಸುತ್ತಲಿನ ರಸ್ತೆಗೆ ತಿರುಗಿಸಿದ.

"ಹಿಂದೆ ಹೇಗಿದೆ?" ಎಂದ. ಇನ್ನೂ ಒಂದು ಆಸೆ ಉಳಿದಿತ್ತು.

ಕನ್ನಡಿಯಲ್ಲಿ ಬೃಂದಾ ಕಂಡಳು. ಮಂಡಿ ಎದೆಗೆ ಒತ್ತಿ, ಕತ್ತು ಒಂದು ಕಡೆಗೆ ವಾಲಿತ್ತು.

"ಆರಾಮಾಗಿದೆ ರೀ," ಎಂದಳು. "ತುಂಬಾ ಆರಾಮಾಗಿದೆ."

"ದೇವಸ್ಥಾನಕ್ಕೆ ಹೋಗಿಬರೋಣ ಅಳಿಯಂದ್ರೆ," ಎಂದರು ಮಾವ.

"ಇನ್ನೊಂದು ರೌಂಡ್, ಮಾವ."

ವೇಗದ ಮುಳ್ಳು ಇಪ್ಪತ್ತು ದಾಟಲಿಲ್ಲ. ಮಕ್ಕಳು ಪಕ್ಕದಲ್ಲೇ ಓಡಿ ಕಾರನ್ನು ಹಿಂದೆ ಹಾಕಿದರು. ಅಫ್ತಾಬ್ ಕಲ್ಲುಬೆಂಚಿನ ಮೇಲೆ ಕೂತಿದ್ದ. ತಟ್ಟೆ ತೊಡೆಯ ಮೇಲಿತ್ತು, ಮುಖ ಬೇರೆ ಕಡೆಗಿತ್ತು. ಯಜಮಾನರು ಬರುವ ತನಕ ಡ್ರೈವರುಗಳು ಹೀಗೇ ಕೂತಿರುತ್ತಾರೆ. ಕಾರು ಅವನ ಮುಂದೆ ಹಾದಾಗ ಸದ್ದು ನಿಂತಿತು. ಬೃಂದಾ ಉಸಿರುಬಿಟ್ಟಳು. ನಾಲ್ಕು ಮಾರು ಮುಂದೆ ಹೋಗುವಷ್ಟರಲ್ಲಿ ಮತ್ತೆ ಶುರುವಾಯಿತು. ಭಾರ್ಗವ್ ಉದ್ಯಾನದ ಮೂಲೆಯಲ್ಲಿ ಮತ್ತೊಮ್ಮೆ ಸ್ಟಿಯರಿಂಗ್ ತಿರುಗಿಸಿದ.