ದೀಪ ದೊಡ್ಡದು ಮಾಡು

ನಮ್ಮ ಓಣಿಯ ಕರಿಬಸಪ್ಪನಿಗೆ ದೇವರು ದೊಡ್ಡ ಗಂಟಲು ಕೊಟ್ಟಿದ್ದ, ಜೊತೆಗೆ ಬಿಗಿ ಮುಷ್ಟಿಯನ್ನೂ ಕೊಟ್ಟಿದ್ದ. ಸಿಂಧನೂರಿನಲ್ಲಿ ಅವನದೊಂದು ಶೇಂಗಾ ಒಡೆಯುವ ಮಿಲ್ಲು. ಅಲ್ಲಿ ನಿಂತು ಹಮಾಲರನ್ನು ಬೈದರೆ ನಮ್ಮ ಮನೆಯ ಕೂಸು ತೊಟ್ಟಿಲಲ್ಲಿ ಬೆಚ್ಚಿ ಬೀಳುತ್ತಿತ್ತು. ರೊಕ್ಕ ಬಿಚ್ಚುವ ಮಾತು ಬಂದಾಗ ಮಾತ್ರ ಆ ಗಂಟಲು ಒಣಗುತ್ತಿತ್ತು. ಹಾಗೆಂದು ಕೆಟ್ಟ ಮನುಷ್ಯನಲ್ಲ. ಇದನ್ನು ನಾನು ಇವತ್ತಿಗೂ ಹೇಳುತ್ತೇನೆ, ಒಪ್ಪುವವರು ಕಡಿಮೆ.

ಮೋಟರು ಕಾರಿನ ಆಸೆ ಅವನದಲ್ಲ, ಮಕ್ತುಮ್‌ಸಾಬನದು. ಇಬ್ಬರೂ ಚಡ್ಡಿ ಹಾಕುವ ಮೊದಲಿನ ಗೆಳೆಯರು. ಮಕ್ತುಮ್‌ಸಾಬ ವರ್ಷಗಟ್ಟಲೆ ಕಂಡವರ ಲಾರಿ ಓಡಿಸಿ, ಕಂಡವರ ಬೈಗುಳ ತಿಂದಿದ್ದ. ಲಿಂಗಸುಗೂರಿನ ಕಡೆಯ ಒಬ್ಬ ಜಾಗೀರದಾರ ತನ್ನ ಹಳೆಯ ಮೋಟರು ಮಾರುತ್ತಾನೆಂದು ಸುದ್ದಿ ಬಂದಾಗ ಕರಿಬಸಪ್ಪನ ಮುಂದೆ ಬಂದು ಕುಳಿತ.

"ರೊಕ್ಕ ನಿಂದು, ಕೈ ನಂದು," ಎಂದ. "ಸಿಂಧನೂರು, ಮಸ್ಕಿ, ಲಿಂಗಸುಗೂರು ಬಾಡಿಗಿ ಹೊಡಿತೀನಿ. ಬಂದದ್ದರಾಗ ಅರ್ಧಾ ಅರ್ಧಾ. ಇನ್ನೊಬ್ಬರ ಗಾಡಿ ಹಿಡಿಯೂದು ಸಾಕಾಗ್ಯದ ಕರಿಬಸು."

ಕರಿಬಸಪ್ಪ ಒಪ್ಪಿದ. ಮೋಟರು ಬಂತು. ಅದಕ್ಕೊಂದು ಮೋಟರ್‌ಖಾನೆ ಬೇಕಾಯಿತು. ಮಿಲ್ಲಿನ ಪಕ್ಕದಲ್ಲೇ ಕಲ್ಲಿನ ಗೋಡೆ ಎದ್ದಿತು, ಮೇಲೆ ಕಬ್ಬಿಣದ ತೊಲೆ, ತಗಡು. ಇಲ್ಲಿಯವರೆಗೆ ಎಲ್ಲ ಸುಸೂತ್ರ. ಆಮೇಲೆ ಅವನಿಗೆ ಒಂದು ಹುಚ್ಚು ಹೊಕ್ಕಿತು: ಮೋಟರ್‌ಖಾನೆಗೆ ಕರೆಂಟಿನ ದೀಪ ಬೇಕು. ಊರಿನಲ್ಲಿ ಆಗ ಕರೆಂಟು ಇರಲಿಲ್ಲ. ಆದರೆ ಮಿಲ್ಲಿನ ಎಂಜಿನ್ನಿಗೆ ಪಟ್ಟಾ ಹಾಕಿ ಡೈನಮೋ ತಿರುಗಿಸಿದರೆ ಒಂದು ದೀಪದ ಗುಂಡು ಉರಿಯುತ್ತದೆ ಎಂದು ಯಾರೋ ಹೇಳಿದ್ದರು.

"ಮನ್ಯಾಗ ನಾನು ಕಂದೀಲಿನ ಹೊಗಿ ಕುಡೀತೀನಿ, ನಿಮ್ಮ ಮೋಟರಿಗೆ ಕರೆಂಟು," ಎಂದು ಹೆಂಡತಿ ಶೇಖರಮ್ಮ ಮೂದಲಿಸಿದಳು.

ರಾಯಚೂರಿನಿಂದ ಒಬ್ಬ ಗುತ್ತೇದಾರ ಬಂದು ಅಳತೆ ತೆಗೆದುಕೊಂಡ. ಮರದ ಪಟ್ಟಿ, ಒಳ್ಳೆಯ ತಂತಿ, ಬಾಗಿಲ ಬಳಿ ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್ಚು, ಕೂಲಿ ಎಂದು ಲೆಕ್ಕ ಒಪ್ಪಿಸಿದ. ಕರಿಬಸಪ್ಪನ ಕಣ್ಣು ಮೇಲಾದವು. ಗೋಡೆಗೂ ತಗಡಿಗೂ ಕೂಡಿ ಆದಷ್ಟನ್ನು ಈ ಮನುಷ್ಯ ತಂತಿಗೇ ಕೇಳುತ್ತಿದ್ದ.

"ಮೇನ್ ಸ್ವಿಚ್ಚು ಯಾತಕ್ಕ ಬೇಕು?" ಎಂದ.

"ದೀಪಕ್ಕ ಕೈ ಹಚ್ಚೂ ಮೊದಲು ಕರೆಂಟು ಕಡೀಬೇಕಲ್ರೀ."

"ಕಡಿಯಾಕ ನನ್ನ ಗಂಟಲಾ ಇಲ್ಲೇನು? ಗ್ವಾಡಿ ಆಚಿಗೆ ಎಂಜಿನ್ನಿನ ಮನಿಷಾ ಕುಂತಿರ್ತಾನ. ಒಂದು ಕೂಗು ಹಾಕಿದ್ರ ಪಟ್ಟಾ ಸರಸ್ತಾನ. ನನ್ನ ಗಂಟಲಾನ ಮೇನ್ ಸ್ವಿಚ್ಚು!"

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಗುತ್ತೇದಾರ ಟೇಪು ಸುತ್ತಿಕೊಂಡು ಬಸ್ಸು ಹತ್ತಿದ. ಕರಿಬಸಪ್ಪ ತಾನೇ ತಂತಿ ತಂದು, ತಾನೇ ಮೊಳೆ ಹೊಡೆದು, ತೊಲೆಯ ಗುಂಟ ಎಳೆದು ಗುಂಡು ಇಳಿಬಿಟ್ಟ. ಮೊದಲ ದಿನವೇ ಅದು ಉರಿಯಿತು. ಅವನು ಎದೆ ಉಬ್ಬಿಸಿ ಓಣಿಯ ಉದ್ದಕ್ಕೂ ತಿರುಗಿದ್ದನ್ನು ನೋಡಬೇಕಿತ್ತು. ನೋಡಾಕ ಬರ್ರಿ ಎಂದು ಊಟಕ್ಕೆ ಕುಳಿತವರನ್ನೂ ಎಬ್ಬಿಸಿದ.

ಎಂಜಿನ್ನಿನ ಮನುಷ್ಯ ವೀರಾಸ್ವಾಮಿ. ಕಾಲುವೆಯ ನೀರು ನಂಬಿ ಗೊರೇಬಾಳದ ಕಡೆ ಭೂಮಿ ಹಿಡಿಯಲು ಬಂದ ಆಂಧ್ರದವರ ಹಿಂದೆ ಬಂದವನು. ಎಂಜಿನ್ನಿನ ಕೆಲಸದಲ್ಲಿ ಗಟ್ಟಿಗ. ಕನ್ನಡ ಇನ್ನೂ ಅವನ ಬಾಯಲ್ಲಿ ಕೂತಿರಲಿಲ್ಲ. ಶಬ್ದ ಗೊತ್ತು, ಅದರ ಹಿಂದಿನ ಅರ್ಥ ಗೊತ್ತಿರಲಿಲ್ಲ.

ನಮ್ಮ ಕಡೆ ಯಾರೂ ದೀಪ ಆರಿಸು ಎನ್ನುವುದಿಲ್ಲ. ದೀಪ ಆರುವುದೆಂದರೆ ಮನೆಯೇ ಕತ್ತಲಾದಂತೆ. ಅದಕ್ಕೇ ದೀಪ ದೊಡ್ಡದು ಮಾಡು ಎನ್ನುತ್ತೇವೆ. ಮಕ್ತುಮ್‌ಸಾಬನ ಮನೆಯಲ್ಲಿ ಅವನ ಹೆಂಡತಿ ಜುಬೇದಾಬೀ ಕೂಡ ಮಲಗುವಾಗ ಚಿರಾಗ್ ಬಢಾ ದೋ ಎನ್ನುವವಳೇ. ಎರಡರ ಅರ್ಥವೂ ಒಂದೇ. ಶೇಖರಮ್ಮನಿಗೆ ಈ ವಿಷಯದಲ್ಲಿ ಎಂಥ ಕಟ್ಟುನಿಟ್ಟೆಂದರೆ, ಹೊಸ ಆಳೊಬ್ಬ ಬಾಯಿ ತಪ್ಪಿ ಆರಿಸ್ಲೇನ್ರೀ ಅಂದದ್ದಕ್ಕೆ ಅವನಿಗೆ ಅವತ್ತು ರೊಟ್ಟಿಯ ಜೊತೆ ಪಲ್ಯ ಸಿಗಲಿಲ್ಲ.

ಮೋಟರಿನ ಪೂಜೆ ಸೋಮವಾರ ಸಂಜೆ. ಮೋಟರಿಗೆ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಮಕ್ತುಮ್‌ಸಾಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮರುದಿನ ಮಸ್ಕಿಗೆ ಮೊದಲ ಬಾಡಿಗೆ ಗೊತ್ತಾಗಿತ್ತು. ಗೋಡೆಯಾಚೆ ಎಂಜಿನ್ನು ಶೇಂಗಾ ಒಡೆಯುತ್ತಲೇ ಡೈನಮೋ ತಿರುಗಿಸುತ್ತಿತ್ತು. ಗುಂಡು ಮಾತ್ರ ಮಿಣಿಮಿಣಿ ಎನ್ನುತ್ತಿತ್ತು.

"ಏನಪಾ ವೀರಾಸ್ವಾಮಿ, ನಿನ್ನ ಕರೆಂಟಿಗಿಂತ ನಮ್ಮ ಕಂದೀಲು ವಾಸಿ," ಎಂದು ಬಂದವರೆಲ್ಲ ಅವನನ್ನು ಕಾಡಿಸಿ ಒಳಗೆ ಬರುತ್ತಿದ್ದರು. ಅವನು ಮುಖ ಸಣ್ಣದು ಮಾಡಿಕೊಂಡು ಎಂಜಿನ್ನಿನ ಹತ್ತಿರ ಹೋಗಿ ಕುಳಿತ.

ಆರತಿ ಎತ್ತುವ ಹೊತ್ತಿಗೆ ಗುಂಡು ಹೊಯ್ದಾಡತೊಡಗಿತು. ಕರಿಬಸಪ್ಪ ಕಟ್ಟಿದ ತಂತಿ ಮೇಲೆ ಸಡಿಲಾಗಿತ್ತು. ಮಕ್ತುಮ್‌ಸಾಬ ಉದ್ದನೆಯ ಆಳು. "ತಡಿ, ನಾ ಬಿಗೀ ಮಾಡ್ತೀನಿ," ಎಂದು ನಿಚ್ಚಣಿಕೆ ಹತ್ತಿದ. "ಒಂದೀಟು ಕರೆಂಟು ತಗಸು."

ಕರಿಬಸಪ್ಪ ಬಂದ್ ಮಾಡೋ ಎನ್ನಲು ಬಾಯಿ ತೆರೆದ. ಶೇಖರಮ್ಮ ಅವನ ತೋಳು ಚಿವುಟಿದಳು.

"ಪೂಜಿ ಹೊತ್ತಿನ್ಯಾಗ ಬಂದ್ ಗಿಂದ್ ಅನಬ್ಯಾಡ್ರಿ. ದೊಡ್ಡದು ಮಾಡು ಅನ್ರಿ."

ಅವನು ಅಂದ. ಆ ಗಂಟಲಿನಿಂದ, ಊರಿಗೆಲ್ಲ ಕೇಳುವಂತೆ, "ವೀರಾಸ್ವಾಮೀ, ದೀಪಾ ದೊಡ್ಡದು ಮಾಡೋ!" ಎಂದ.

ಅದೇ ಕ್ಷಣಕ್ಕೆ ಗುಂಡು ಕತ್ತಲಾಯಿತು. ವೀರಾಸ್ವಾಮಿ ಪಟ್ಟಾ ಸರಿಸಿದ ಎಂದುಕೊಂಡೆವು. ಸರಿಸಿರಲಿಲ್ಲ. ಸಡಿಲ ತಂತಿ ತಾನಾಗಿ ಬಿಟ್ಟುಕೊಂಡಿತ್ತು, ಅಷ್ಟೇ. ಎಂಜಿನ್ನಿನ ಸದ್ದು ನಿಲ್ಲಲಿಲ್ಲ, ಆದರೆ ಶೇಂಗಾ ಒಡೆಯುವ ಕೆಲಸ ಹೇಗೂ ನಡೆದಿತ್ತಲ್ಲ, ಯಾರಿಗೂ ಸಂಶಯ ಬರಲಿಲ್ಲ. ಸದ್ದು ಸ್ವಲ್ಪ ಏರಿದಂತೆ ನನಗೆ ಕೇಳಿಸಿತು. ಸಂಜೆಯಿಡೀ ಮೂದಲಿಕೆ ತಿಂದಿದ್ದ ಆ ಬಡಪಾಯಿ, ದೀಪ ದೊಡ್ಡದಾಗಲಿ ಎಂದು ಎಂಜಿನ್ನಿನ ವೇಗ ಹೆಚ್ಚಿಸಿದ್ದ. ಮಕ್ತುಮ್‌ಸಾಬ ಎಡಗೈಯಲ್ಲಿ ಕಬ್ಬಿಣದ ತೊಲೆ ಹಿಡಿದು, ಬಲಗೈ ಬೆರಳುಗಳಿಂದ ತಂತಿ ಹಿಡಿದ.

ಅವನು ಕೂಗಲಿಲ್ಲ. ಕೂಗಲು ಆಗಲಿಲ್ಲ. ಮೈ ಸೆಟೆದು ಹಾಗೇ ನಿಂತುಬಿಟ್ಟ. ಕರಿಬಸಪ್ಪ ಬಂದ್ ಮಾಡೋ, ಬಂದ್ ಮಾಡೋ ಎನ್ನುತ್ತಿದ್ದ, ಆದರೆ ಆ ಗಂಟಲಿನಿಂದ ಬರಿ ಗಾಳಿ ಬರುತ್ತಿತ್ತು. ಶೇಖರಮ್ಮ ಆರತಿ ತಟ್ಟೆ ಬಿಸಾಕಿ ನಿಚ್ಚಣಿಕೆಯನ್ನು ಒದ್ದಳು. ಅವನು ಮೋಟರಿನ ಮೇಲೆ, ಹೂಮಾಲೆಯ ಮೇಲೆ ಬಿದ್ದ.

ಜೀವವಿತ್ತು. ಬಲಗೈ ಬೆರಳುಗಳು ಸುಟ್ಟಿದ್ದವು. ಲಿಂಗಸುಗೂರಿನ ದವಾಖಾನೆಗೆ ಒಯ್ಯಬೇಕು, ಅದೂ ಬೇಗ. ಎಲ್ಲರೂ ಮೋಟರಿನ ಕಡೆ ತಿರುಗಿದೆವು. ಎಣ್ಣೆ ತುಂಬಿ, ಪೂಜೆಯಾಗಿ, ಸಿದ್ಧವಾಗಿ ನಿಂತಿತ್ತು. ಅದನ್ನು ನಡೆಸಲು ಬಲ್ಲವನು ಇಡೀ ಓಣಿಯಲ್ಲಿ ಒಬ್ಬನೇ, ಅವನು ನೆಲದ ಮೇಲೆ ಮಲಗಿದ್ದ. ಎತ್ತಿನ ಬಂಡಿ ಕಟ್ಟಿದೆವು. ಮಸ್ಕಿ ಮುಟ್ಟುವಷ್ಟರಲ್ಲಿ ಬೆಳಗಾಯಿತು, ಅಲ್ಲಿಂದ ಬಸ್ಸು. ತಡವಾಗಿ ತಂದಿರಿ ಎಂದು ಡಾಕ್ಟರು ಬೈದರು. ಕೈ ಉಳಿಯಿತು, ಬೆರಳುಗಳು ಮಾತ್ರ ಅಂಗೈಗೆ ಅಂಟಿ ಮಡಚಿಕೊಂಡವು. ಅವು ಮತ್ತೆ ಬಿಚ್ಚಲಿಲ್ಲ.

ವೀರಾಸ್ವಾಮಿ ಕರಿಬಸಪ್ಪನ ಕಾಲು ಹಿಡಿದು ಅತ್ತ.

"ಮಾ ಊರಲ್ಲಿ ದೀಪ ಗುಡ್ಡ ಏರಿಸು ಅಂತಾರಂಡಿ. ನಾವೂ ಆರಿಸು ಅನ್ನಲ್ಲ, ಪಾಪ ಅಂತ. ನೀವು ದೊಡ್ಡದು ಅಂದಿರಿ, ನಾನು ದೊಡ್ಡದು ಮಾಡಿದೆ."

ಅವನನ್ನು ಏನೆಂದು ಬೈಯುವುದು? ಅಪಶಕುನದ ಹೆದರಿಕೆ ಅವನಿಗೂ ಇತ್ತು, ನಮಗೂ ಇತ್ತು. ಅವರು ಗುಡ್ಡ ಏರಿಸುತ್ತಾರೆ, ನಾವು ದೊಡ್ಡದು ಮಾಡುತ್ತೇವೆ. ನೇರವಾದ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಕರಿಬಸಪ್ಪ ರಾಯಚೂರಿಗೆ ಹೋಗಿ ಅದೇ ಗುತ್ತೇದಾರನನ್ನು ಕರೆತಂದ. ಕೇಳಿದಷ್ಟು ಕೊಟ್ಟ, ಚೌಕಾಸಿ ಮಾಡಲಿಲ್ಲ. ಬಾಗಿಲ ಬಳಿ ಕಬ್ಬಿಣದ ಪೆಟ್ಟಿಗೆ ಕೂತಿತು. ಆಮೇಲೆ ಅವನು ಮಿಲ್ಲಿನಲ್ಲಿ ಹಮಾಲರ ಮೇಲೆ ಕೂಗಿದ್ದು ನಾನು ಕೇಳಿಲ್ಲ.

ಗಾಯ ಮಾಯ್ದ ಮೇಲೆ ಒಂದು ಸಂಜೆ ಮಕ್ತುಮ್‌ಸಾಬ ಬಂದ, ಹಿಂದೆ ಜುಬೇದಾಬೀ. ನೇರ ಮೋಟರ್‌ಖಾನೆಯ ಒಳಗೆ ಹೋಗಿ ಮೋಟರಿನ ಸ್ಟೇರಿಂಗ್ ಚಕ್ರದ ಹಿಂದೆ ಕುಳಿತ. ಬಲಗೈ ಚಕ್ರದ ಮೇಲೆ ಇಟ್ಟ. ಅದು ಜಾರಿ ತೊಡೆಯ ಮೇಲೆ ಬಿತ್ತು. ಮತ್ತೆ ಇಟ್ಟ, ಮತ್ತೆ ಜಾರಿತು.

"ಮಾರಿಬಿಡು ಕರಿಬಸು," ಎಂದ. "ರೊಕ್ಕ ನಿಂದು. ನನ್ನ ಪಾಲು ಹೋಗ್ಯದ."

ಕರಿಬಸಪ್ಪ ಬಾಗಿಲ ಚೌಕಟ್ಟು ಹಿಡಿದು ಎಳೆಮಕ್ಕಳ ಹಾಗೆ ಅತ್ತುಬಿಟ್ಟ. ಮಕ್ತುಮ್‌ಸಾಬ ಇಳಿದು ಬಂದು, ಒಳ್ಳೆಯ ಕೈಯನ್ನು ಅವನ ಹೆಗಲ ಮೇಲೆ ಇಟ್ಟ.

ಹೊರಡುವಾಗ ಮಕ್ತುಮ್‌ಸಾಬ ಮೇನ್ ಸ್ವಿಚ್ಚಿನ ಹತ್ತಿರ ನಿಂತ. ದೀಪ ಉರಿಯುತ್ತಿತ್ತು. ಅವನು ಅಭ್ಯಾಸಬಲದಿಂದ, ಬಾಗಿಲಿಗೆ ಬಂದು ನಿಂತಿದ್ದ ಶೇಖರಮ್ಮನ ಕಡೆ ನೋಡಿದ. "ಅಕ್ಕಾ, ದೊಡ್ಡದು..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ.

ಶೇಖರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಬಾಯಲ್ಲಿ ಬಾರದ ಮಾತು ಅದು.

"ಆರಿಸಪಾ ತಮ್ಮಾ," ಎಂದಳು. "ದೀಪಾ ಆರಿಸು."

ಅವನು ಎಡಗೈಯಿಂದ ಹಿಡಿಕೆ ಕೆಳಗೆ ಎಳೆದ, ದೀಪ ಆರಿತು.