ಖಾತೂನಮ್ಮನ ಮೂರು ಗೈರುಹಾಜರಿ

ನನ್ನದು ಕಂಚಿನ ಕಂಠ. ಪಾರ್ವತಿನಗರದ ಕಿವಿ ಪರೀಕ್ಷೆಯ ಕೇಂದ್ರದಲ್ಲಿ ಹೆಸರು ಕೂಗುವ ಕೆಲಸ ಸಿಕ್ಕಿದ್ದೇ ಅದರಿಂದ. ದಿನಾ ಬೆಳಿಗ್ಗೆ ನಾವೆಲ್ಲ ಸಾಲಾಗಿ ನಿಂತು ‘ಗೌರವ, ಕರುಣೆ, ಸಮಾನತೆ’ ಎಂದು ಪ್ರತಿಜ್ಞೆ ಮಾಡುತ್ತೇವೆ. ಈ ಮೌಲ್ಯಗಳ ಬಗ್ಗೆ ಎರಡು ದಿನ ತರಬೇತಿಯೂ ಆಗಿದೆ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದೇನೆ. ಸಮಾನತೆ ಎಂದರೆ ಸಮಾನತೆ. ಶಾಸಕರ ಕಡೆಯವರಿರಲಿ, ಕೂಲಿಯವರಿರಲಿ, ಎಲ್ಲರಿಗೂ ಮೂರೇ ಕೂಗು. ಓಗೊಡದಿದ್ದರೆ ಗೈರು. ಮೂರು ದಿನ ಗೈರಾದರೆ ಫೈಲು ಮುಚ್ಚುತ್ತೇವೆ.

ಈ ವರ್ಷದ ವರದಿ ನೋಡಿ ಸಾಹೇಬರು ಹಿಗ್ಗಿದರು. ಒಂಟಿಯಾಗಿ ಬಂದು ಪರೀಕ್ಷೆ ಮಾಡಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನರಿಗೆ ಕಿವಿ ಸರಿಯಾಗಿಯೇ ಇತ್ತಂತೆ. “ನಮ್ ಬಳ್ಳಾರಿ ಮಂದಿ ಕಿವಿ ಭಾಳ ಚುರುಕ ಬಿಡ್ರಿ” ಎಂದು ಮೈಸೂರುಪಾಕು ಹಂಚಿಸಿದರು. ನಾನೂ ಎರಡು ತಿಂದೆ.

ಖಾತೂನಮ್ಮ ಸಿರುಗುಪ್ಪದ ಅಂಗನವಾಡಿಯೊಂದರ ಆಯಾ. ಹಿಂದಿನ ಕೋಣೆಯಲ್ಲಿ ಮಗುವೊಂದು ಬಿದ್ದು ಅತ್ತದ್ದು ಆಕೆಗೆ ಕೇಳಿಸಿರಲಿಲ್ಲ. ಸೋಮವಾರದೊಳಗೆ ಕಿವಿಗೆ ಮಷಿನ್ನು ಹಾಕಿಸಿಕೊಂಡು ಬಾ, ಇಲ್ಲವಾದರೆ ಕೆಲಸ ಬಿಡು ಎಂದು ಮೇಲಿನವರು ಚೀಟಿ ಕೊಟ್ಟಿದ್ದರು. ಇದೆಲ್ಲ ನನಗೆ ತಿಳಿದದ್ದು ಶನಿವಾರ, ಬಾಗಿಲು ಹಾಕುವ ಹೊತ್ತಿಗೆ.

ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬಳು ಇನ್ನೂ ಕೂತಿದ್ದಳು. “ಮುಗೀತಮ್ಮಾ, ಏಳ್ರಿ” ಎಂದೆ. ಅಲುಗಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹೋಗಿ ಭುಜ ಮುಟ್ಟಿದೆ. ನಗುತ್ತ ಚೀಟಿಯನ್ನು ಕೈಗಿಟ್ಟಳು. ರಿಜಿಸ್ಟರ್ ತೆಗೆದೆ. ಖಾತೂನ್, ಸಿರುಗುಪ್ಪ: ಮಂಗಳವಾರ ಗೈರು, ಗುರುವಾರ ಗೈರು, ಇವತ್ತೂ ಗೈರು. ಮೂರೂ ನನ್ನದೇ ದುಂಡು ಅಕ್ಷರ. ಕಿವಿ ಕೇಳದ ಬೇರೆಯವರ ಜೊತೆ ಮಗನೋ ಸೊಸೆಯೋ ಇರುತ್ತಿದ್ದರು, ಕೂಗಿದರೆ ಅವರು ಓಗೊಡುತ್ತಿದ್ದರು. ಈಕೆ ಮೂರೂ ದಿನ ಒಬ್ಬಳೇ ಬಸ್ಸು ಹತ್ತಿ ಬಂದು ಇದೇ ಬೆಂಚಿನ ಮೇಲೆ ಕೂತಿದ್ದಳು.

ಕಿವಿ ಕೇಳದವರನ್ನು ಕೂಗಿ ಕರೆಯುತ್ತಿದ್ದೇವೆ ಎನ್ನುವುದು ನಾಲ್ಕು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ಆಕೆಯ ಕೈ ಹಿಡಿದು, ಪರೀಕ್ಷೆ ಮಾಡುವ ನೇತ್ರಾ ಮೇಡಂ ಹತ್ತಿರ ಕರೆದೊಯ್ದೆ.

“ಫೈಲು ಮುಚ್ಚೈತಲ್ಲ ಸರೋಜಾ? ನೀನ ಗೈರು ಅಂತ ಬರದೀ.”

“ತಪ್ಪಾಗೈತ್ರಿ ಮೇಡಂ. ಈಕಿ ಮೂರೂ ದಿನ ಬಂದಾಳ.”

ನೇತ್ರಾ ಆಕೆಯನ್ನು ಪರೀಕ್ಷೆಗೆ ಕೂರಿಸಿದರು. ಎರಡೂ ಕಿವಿ ಮುಕ್ಕಾಲು ಹೋಗಿದ್ದವು. ಮಷಿನ್ನು ಹಾಕಿದಾಗ ಖಾತೂನಮ್ಮ ಫ್ಯಾನಿನ ಸದ್ದಿಗೇ ಬೆಚ್ಚಿದಳು. ಸೋಮವಾರಕ್ಕೆ ಬೇಕಾದ ಕಾಗದಕ್ಕೂ ಸಹಿ ಬಿತ್ತು. ಆಮೇಲೆ ನೇತ್ರಾ ಕೇಳಿದರು: “ಮೂರು ದಿನ ಕುಂತೀರಿ, ಕೌಂಟರಿಗೆ ಬಂದು ಒಂದ್ ಮಾತು ಕೇಳಬಾರದೇನಮ್ಮಾ?”

ಖಾತೂನಮ್ಮ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಕೇಳೋಣಂತಿದ್ದೆ ಅಮ್ಮಾರ. ಈ ಹುಡುಗಿ ಗಳಿಗಿಗೊಮ್ಮಿ ಬಾಯಿ ತೆಗದು ಆಕಳಸ್ತಿತ್ತು. ಪಾಪ, ರಾತ್ರಿ ನಿದ್ದಿ ಇಲ್ಲೇನೋ, ನಾ ಬ್ಯಾರೆ ಯಾಕ ತ್ರಾಸು ಕೊಡ್ಲಿ ಅಂತ ಸುಮ್ಮನ ಕುಂತೆ.”